ಲೌಂಜಿನ ವಿಸ್ಕಿಗೆ ವಿಮರ್ಶಕರಿಲ್ಲ

ವಿಮಾನ ನಿಲ್ದಾಣದ ಲೌಂಜುಗಳಲ್ಲಿ ಕೊಡುವ ವಿಸ್ಕಿಯ ಬಗ್ಗೆ ವಿಮರ್ಶೆ ಬರೆಯುತ್ತೇನೆ ಎಂದಾಗ ಗೆಳೆಯರೊಬ್ಬರು, "ಪುಕ್ಕಟೆ ಸಿಗೋದಕ್ಕ ಎಂಥಾ ವಿಮರ್ಶೆರಿ?" ಎಂದು ನಕ್ಕರು. ಸುರಪುರದವರು ಸುರೆಯ ಬಗ್ಗೆ ಬರೆಯದೆ ಇನ್ನೇನು ಬರೆದಾರು ಎಂಬ ಹಳೆಯ ಜೋಕನ್ನೂ ಜೊತೆಗೆ ಸೇರಿಸಿದರು. ಜೋಕು ಇರಲಿ. ನನ್ನ ತಕರಾರು ಅವರ ಪ್ರಶ್ನೆಯೊಳಗೇ ಇದೆ. ಪುಕ್ಕಟೆ ಎಂದು ನಾವೆಲ್ಲ ಅಂದುಕೊಂಡಿರುವುದರಿಂದಲೇ ಆ ವಿಸ್ಕಿ ಅಷ್ಟು ಕಳಪೆಯಾಗಿದೆ.

ಕೆಲಸದ ನಿಮಿತ್ತ ಆಗಾಗ ವಿಮಾನ ಹತ್ತುವವನು ನಾನು. ದೇಶದೊಳಗಿನ ಪ್ರಯಾಣದ ಲೌಂಜುಗಳಲ್ಲಿ ನಾನು ಕಂಡ ಬಾರುಗಳು ಹೆಚ್ಚುಕಡಿಮೆ ಒಂದೇ ಥರ. ಹಿಂದೊಂದು ಕನ್ನಡಿ, ಹಳದಿ ಬೆಳಕು, ಆ ಬೆಳಕಿನಲ್ಲಿ ಸಾಲಾಗಿ ನಿಂತ ಬಾಟಲಿಗಳು. ಮೇಲಿನ ಸಾಲು ದುಡ್ಡು ಕೊಟ್ಟು ಕುಡಿಯುವವರಿಗೆ. ಕಾರ್ಡ್ ಉಜ್ಜಿ ಒಳಗೆ ಬಂದವರಿಗೆ ಕೌಂಟರಿನ ಕೆಳಗಿನಿಂದ ಎರಡು ಬಾಟಲಿ ಏಳುತ್ತವೆ. ಒಂದು, ಹೊರಗಿಂದ ತರಿಸಿ ಇಲ್ಲೇ ಬಾಟಲಿಗೆ ತುಂಬಿದ ಅಗ್ಗದ ಸ್ಕಾಚ್ ಬ್ಲೆಂಡ್. ಇನ್ನೊಂದು ದೇಶೀ ವಿಸ್ಕಿ. 30 ಎಂ.ಎಲ್. ಅಳತೆ, ಗ್ಲಾಸಿನ ಕಂಠದವರೆಗೆ ಐಸು, ಕೇಳುವ ಮೊದಲೇ ಸೋಡಾ. ಐಸು ಬೇಡ, ಒಂದಿಷ್ಟು ನೀರು ಸಾಕು ಎಂದರೆ ಹುಡುಗ ವಿಚಿತ್ರವಾಗಿ ನೋಡುತ್ತಾನೆ. ಅವನ ತಪ್ಪೇನಿಲ್ಲ. ಮರಗಟ್ಟಿದ ನಾಲಿಗೆಗೆ ರುಚಿ ತಿಳಿಯುವುದಿಲ್ಲ; ಅಲ್ಲಿ ಕೊಡುವ ಮಾಲಿಗೆ ಅದೇ ಕ್ಷೇಮ.

ಆ ಮಾಲು ಏನೆಂಬುದನ್ನೂ ಹೇಳಬೇಕು. ನಮ್ಮ ಅಗ್ಗದ ದೇಶೀ ವಿಸ್ಕಿಗಳಲ್ಲಿ ಬಹಳಷ್ಟು ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್, ಬಣ್ಣಕ್ಕೆ ಕ್ಯಾರಮೆಲ್ ಬೆರೆಸಿದ್ದು. ಈಚೆಗೆ ಧಾನ್ಯದ ಮದ್ಯಸಾರವನ್ನೂ ಬಳಸುತ್ತಾರೆ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ವಿಸ್ಕಿ ಎನ್ನಿಸಿಕೊಳ್ಳಬೇಕಾದರೆ ಅದನ್ನು ಧಾನ್ಯದಿಂದ ಬಟ್ಟಿ ಇಳಿಸಿ, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿರಬೇಕು. ಕಾಕಂಬಿಯ ಬಾಟಲಿಗಳನ್ನು ಅಲ್ಲಿ ಆ ಹೆಸರಿನಿಂದ ಮಾರುವಂತಿಲ್ಲ. ಕಬ್ಬಿನಿಂದ ಆದದ್ದಕ್ಕೆ ರಮ್ ಎಂಬ ಪ್ರಾಮಾಣಿಕ ಹೆಸರು ಇದ್ದೇ ಇದೆ. ಹಾಗಾಗಿ ಲೌಂಜಿನಲ್ಲಿ ಏನಾದರೂ ಕುಡಿಯಲೇಬೇಕು ಎಂದರೆ ನಾನು ರಮ್ ಕೇಳುತ್ತೇನೆ. ಅದು ತನ್ನ ಜಾತಕವನ್ನು ಮುಚ್ಚಿಡುವುದಿಲ್ಲ. ಜಿನ್ನು, ವೋಡ್ಕಾಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಟಾನಿಕ್ಕು, ನಿಂಬೆಹಣ್ಣು ಅವುಗಳ ಮಾನ ಕಾಯುತ್ತವೆ.

ಲೌಂಜು ಮೊದಲಿಂದಲೂ ಹೀಗಿರಲಿಲ್ಲ. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ತೆರೆದ ಅಡ್ಮಿರಲ್ಸ್ ಕ್ಲಬ್ಬಿಗೆ ಕಂಪನಿ ಆಹ್ವಾನಿಸಿದವರಿಗಷ್ಟೇ ಪ್ರವೇಶವಿತ್ತು. ಅಲ್ಲಿ ಬಡಿಸುವವನಿಗೆ ಅತಿಥಿಯ ಮುಖದ ಚಿಂತೆ ಇತ್ತು. ಬೇಸರವಾದರೆ ಅವನು ಮುಂದಿನ ಸಲ ಬೇರೆ ವಿಮಾನ ಹತ್ತುತ್ತಾನೆ. 1992ರಲ್ಲಿ ಪ್ರಯಾರಿಟಿ ಪಾಸ್ ಬಂದ ಮೇಲೆ ಯಾವ ಕಂಪನಿಯ ವಿಮಾನವಾದರೂ ಸರಿ, ಸದಸ್ಯತ್ವವಿದ್ದರೆ ಒಳಗೆ ಬಿಡುವ ಪದ್ಧತಿ ಬೆಳೆಯಿತು. ಈಗ ನಮ್ಮಲ್ಲಿ ಬ್ಯಾಂಕಿನ ಕಾರ್ಡು ಉಜ್ಜಿ, ಎರಡು ರೂಪಾಯಿ ಕಡಿತವಾದ ಮೆಸೇಜು ನೋಡಿ ಒಳಗೆ ಹೋಗುತ್ತೇವೆ. ಹಾಗೆ ಹೋದ ಪ್ರತಿ ತಲೆಗೆ ಇಷ್ಟು ಎಂದು ಬ್ಯಾಂಕು ಲೌಂಜಿಗೆ ಕೊಡುತ್ತದೆ. ಅಂದರೆ ಕುಡಿಯುವವನು ಕೊಳ್ಳುವವನಲ್ಲ, ಕೊಳ್ಳುವವನು ಕುಡಿಯುವವನಲ್ಲ. ತಲೆಗೆ ಸಿಗುವ ಹಣ ನಿಗದಿಯಾಗಿರುವಾಗ ಲಾಭ ಉಳಿಯಬೇಕಾದ್ದು ತಟ್ಟೆಯಲ್ಲಿ, ಗ್ಲಾಸಿನಲ್ಲಿ. ಬ್ಯಾಂಕಾದರೂ ತನ್ನ ಮನೆಯಿಂದ ಕೊಡುತ್ತದೆಯೇ? ಕಾರ್ಡಿನ ವಾರ್ಷಿಕ ಶುಲ್ಕದಲ್ಲಿ, ಬಾಕಿಯ ಬಡ್ಡಿಯಲ್ಲಿ, ಮೂರು ತಿಂಗಳಿಗೆ ಇಷ್ಟು ಖರ್ಚು ಮಾಡಲೇಬೇಕೆಂಬ ಷರತ್ತಿನಲ್ಲಿ ನಾವು ಆಗಲೇ ತೆತ್ತಿದ್ದೇವೆ. ಆದರೂ ಪುಕ್ಕಟೆ ಎಂಬ ಭಾವನೆ ಹೋಗುವುದಿಲ್ಲ. ದಾನದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ಹಾಗೆ ಬಾಯಿ ಮುಚ್ಚಿಕೊಂಡು ಕುಡಿಯುತ್ತೇವೆ.

ಈ ಲೌಂಜಿನ ವಿಸ್ಕಿಯ ಬಗ್ಗೆ ನಾನು ಕೇಳಿದ ಒಂದೇ ಒಂದು ಸರಿಯಾದ ವಿಮರ್ಶೆ ನನ್ನ ಸೋದರಮಾವನದು. ಮಾಮಾನಿಗೆ ಎಪ್ಪತ್ತು ದಾಟಿದೆ; ಸುರಪುರದ ಹತ್ತಿರದ ಹಳ್ಳಿಯಲ್ಲಿ ಜೋಳ, ಶೇಂಗಾ ಬೆಳೆದವರು. ಮೊಮ್ಮಗನ ಮದುವೆಗೆಂದು ಮೊದಲ ಸಲ ವಿಮಾನ ಹತ್ತಿಸಲು ಕರೆದುಕೊಂಡು ಹೊರಟಿದ್ದೆ. ಲೌಂಜಿನಲ್ಲಿ ಅವರಿಗೊಂದು ಗ್ಲಾಸು ಕೊಡಿಸಿದೆ.

"ಹೆಂಗದರಿ ಮಾಮಾ?"

"ಮೊದಲ ಈ ಬರ್ಫ್ ತಗಿಸು" ಎಂದರು. ಹೊಸ ಗ್ಲಾಸು ಬಂತು. ಮೂಗಿನ ಹತ್ತಿರ ಹಿಡಿದರು, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಆಮೇಲೆ, "ಘಾಟು ಮುಂದ ಬರ್ತದ, ಹಿಂದ ಏನೂ ಇಲ್ಲ. ಗಂಟಲದಾಗ ಇಳಿದ ಮ್ಯಾಲೆ ಬಾಯಾಗ ಏನರ ಉಳೀಬೇಕಲ್ಲ ಅಳಿಯಾ?" ಎಂದು ಗ್ಲಾಸು ಕೆಳಗಿಟ್ಟರು. ಮತ್ತೆ ಮುಟ್ಟಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವರು ಮೊದಲು ಮೂಗು, ಆಮೇಲೆ ನಾಲಿಗೆ, ಕೊನೆಗೆ ಬಾಯಲ್ಲಿ ಉಳಿಯುವ ರುಚಿ ಎಂದು ಇದೇ ಕ್ರಮದಲ್ಲಿ ಹೋಗುತ್ತಾರೆ. ಮಾಮಾ ಇದನ್ನು ಕಲಿತದ್ದು ಸಿಂದಿಯಿಂದ. ಬೆಳಗಿನ ಜಾವ ಗಿಡದಿಂದ ಇಳಿಸಿದ ಸಿಂದಿ ಸಿಹಿ; ಬಿಸಿಲೇರಿದಂತೆ ಹುಳಿ; ಸಂಜೆಗೆ ಅದು ಬೇರೆಯೇ ಪದಾರ್ಥ. ಯಾವ ಗಿಡದ್ದು, ಎಷ್ಟು ಹೊತ್ತಿನದು, ಚಳಿಗಾಲದ್ದೋ ಬೇಸಿಗೆಯದೋ ಎಂದು ಕುಡಿಯುವವರು ಹೇಳುತ್ತಿದ್ದರು, ತಪ್ಪಾದರೆ ಜಗಳಾಡುತ್ತಿದ್ದರು. ಅದನ್ನೆಲ್ಲ ಸ್ವರ್ಗವೆಂದು ಬಣ್ಣಿಸುವ ಆಸೆ ನನಗಿಲ್ಲ. ಕ್ಲೋರಲ್ ಹೈಡ್ರೇಟ್ ಪುಡಿ ಬೆರೆಸಿದ ಸಿಂದಿ ನಮ್ಮ ಭಾಗದ ಎಷ್ಟೋ ಜನರ ನರ ತಿಂದಿತು. ಸಾರಾಯಿ ಪಾಕೀಟು ಮನೆಗಳನ್ನೇ ತಿಂದಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಕುಡಿತ ನಿಲ್ಲಲಿಲ್ಲ, ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದ ಹೆಣ್ಣುಮಕ್ಕಳು ಈ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಹೇಳುವುದು ಇಷ್ಟೇ: ಸಿಂದಿಗೆ ಒಂದು ರುಚಿಯಿತ್ತು, ರುಚಿಗೆ ಮಾತಿತ್ತು. ಟೆಟ್ರಾ ಪ್ಯಾಕಿಗೆ ಇರುವುದು ನಶೆ ಮತ್ತು ರೇಟು. ಆ ವಿಷಯದಲ್ಲಿ ಲೌಂಜು ನಮ್ಮೂರ ವೈನ್ ಶಾಪಿನ ಅಣ್ಣನೋ ತಮ್ಮನೋ ಹೌದು. ಅಲ್ಲಿ ನೈಂಟಿ, ಇಲ್ಲಿ ಪೆಗ್ಗು, ಎರಡೂ ಕಡೆ ಯಾರೂ ಮೂಸಿ ನೋಡುವುದಿಲ್ಲ.

ಒಳ್ಳೆಯದು ಮಾಡಲು ನಮಗೆ ಬರುವುದಿಲ್ಲವೇ ಎಂದರೆ, ಬರುತ್ತದೆ. ದುಡಿಯುವವರ ಅಗ್ಗದ ವಿಸ್ಕಿ ಒರಿಜಿನಲ್ ಚಾಯ್ಸ್ ಮಾಡುವುದು ಬೆಂಗಳೂರಿನ ಜಾನ್ ಡಿಸ್ಟಿಲರೀಸ್. 2012ರಲ್ಲಿ ಲಂಡನ್ನಿನಲ್ಲಿ ಪಾಲ್ ಜಾನ್ ಎಂಬ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದೂ ಅದೇ ಕಂಪನಿ. ಅದನ್ನು ಇಳಿಸುವುದು ಗೋವಾದಲ್ಲಿ. ಇನ್ನು 1948ರಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್. ದಶಕಗಟ್ಟಲೆ ರಮ್ಮು, ಬ್ರಾಂದಿ ಮಾಡಿಕೊಂಡಿದ್ದ ಈ ಸಂಸ್ಥೆ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸಿ, ಮೈಸೂರು ರಸ್ತೆಯ ಕಂಬೀಪುರದಲ್ಲಿ ಪೀಪಾಯಿಗಳಲ್ಲಿಟ್ಟಿತು. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗುವ ವಿಸ್ಕಿ ಬೆಂಗಳೂರಿನ ಹವೆಯಲ್ಲಿ 10ರಿಂದ 12 ಶೇಕಡಾ ಹಾರಿಹೋಗುತ್ತದೆ. ಅದಕ್ಕೆ ಪ್ರತಿಯಾಗಿ ಬೇಗ ಹದವಾಗುತ್ತದೆ; ನಾಲ್ಕೈದು ವರ್ಷಕ್ಕೇ ಸಾಕಷ್ಟು ಮರದ ಒಗರು ಹಿಡಿಯುತ್ತದೆ. ಗ್ಲಾಸ್ಗೋದ ಪಬ್ಬಿನಲ್ಲಿ ಹೆಸರು ಹೇಳದೆ ಕುಡಿಸಿದಾಗ ಅಲ್ಲಿಯ ಜನ ಅದನ್ನು ತಮ್ಮ ದೇಶದ್ದೇ ಎಂದುಕೊಂಡರಂತೆ. 2004ರಲ್ಲಿ ಅದೇ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು. ಬ್ರಿಟನ್ನಿನ ವಿಮರ್ಶಕ ಜಿಮ್ ಮರ‍್ರೆ 2010ರ ತನ್ನ ವಿಸ್ಕಿ ಬೈಬಲ್‌ನಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟ. ಬೆಂಗಳೂರಿನ ಗಿರಾಕಿಗೆ ಬೆಂಗಳೂರಿನ ಸಿಂಗಲ್ ಮಾಲ್ಟ್ ಸಿಗಲು ಶುರುವಾದದ್ದೂ 2010ರಲ್ಲೇ!

ಗಮನಿಸಬೇಕಾದ್ದು ಆ ಹೆಸರಿಲ್ಲದ ಗ್ಲಾಸು. ಲೇಬಲ್ ಮುಚ್ಚಿದಾಗ ಮಾತ್ರ ಅಮೃತ್‌ಗೆ ನ್ಯಾಯ ಸಿಕ್ಕಿತು. ನಮ್ಮ ಲೌಂಜುಗಳಲ್ಲಿ ನಡೆಯುವುದು ಇದರ ಉಲ್ಟಾ: ಲೇಬಲ್ ಬೆಳಕಿನಲ್ಲಿ, ವಿಸ್ಕಿ ಐಸಿನ ಕೆಳಗೆ.

ಸಾಹಿತ್ಯ ಓದುವವರ ಮುಂದೆ ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ರುಚಿಯ ಮಾತು ಕೊನೆಗೆ ಭಾಷೆಯ ಮಾತು. ನಮ್ಮಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನಂಥ ವಚನಕಾರರಿದ್ದರು. ಅವರಿಗೆ ಹೆಂಡ ಒಂದು ರೂಪಕ. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ ರತ್ನನನ್ನು ಸೃಷ್ಟಿಸಿ ಕುಡುಕನ ಬಾಯಿಗೆ ಘನತೆ ತಂದರು. ಅಲ್ಲಿ ಅಮಲಿದೆ, ಪ್ರೀತಿಯಿದೆ, ಬಡತನವಿದೆ; ಹೆಂಡದ ರುಚಿ ಹೇಗಿತ್ತು ಎಂಬ ವಿವರ ಮುಖ್ಯವಲ್ಲ. ಆಧುನಿಕ ಕಥೆ ಕಾದಂಬರಿಗಳಲ್ಲಿ ವಿಸ್ಕಿ ಬಂದರೆ ಅದು ಬಹುತೇಕ ಹಣದ ಗುರುತು ಅಥವಾ ಪತನದ ಗುರುತು. ಇದು ನಮ್ಮ ಗದ್ಯದ ಒಂದು ಬಡತನವೆಂದೇ ನನಗೆ ಅನ್ನಿಸುತ್ತದೆ. ಅನ್ನ, ರೊಟ್ಟಿ, ಹುಳಿಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಬರೆಯುವ ಭಾಷೆ ಗ್ಲಾಸಿನ ಮುಂದೆ ಬಂದೊಡನೆ ಒಂದೋ ಉಪದೇಶಕ್ಕೆ ತಿರುಗುತ್ತದೆ, ಇಲ್ಲವೇ ಇಂಗ್ಲಿಷಿನ ವೆನಿಲಾ, ಟಾಫಿ, ಓಕ್ ಎಂಬ ಪದಗಳನ್ನು ಸಾಲ ತರುತ್ತದೆ. ಟಾಫಿ ಯಾಕೆ ಬೇಕು, ಜೋನಿಬೆಲ್ಲ ಇಲ್ಲವೇ? ಒಗರು, ಘಾಟು, ಕಮಟು, ಇವೆಲ್ಲ ಮಾಲ್ಟ್ ವಿಸ್ಕಿಗೆ ಅಳತೆ ಕೊಟ್ಟು ಹೊಲಿಸಿದಂಥ ಪದಗಳು.

ಪರೀಕ್ಷೆ ಮಾಡೋಣವೆಂದು ಊರಿಗೆ ಹೋದಾಗ ಮಾಮಾನಿಗೆ ಹೆಸರು ಹೇಳದೆ ಒಂದು ಗುಟುಕು ಫ್ಯೂಷನ್ ಕೊಟ್ಟೆ. ನಮ್ಮ ದೇಶದ ಬಾರ್ಲಿಯ ಜೊತೆ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಸೇರಿಸಿ ಮಾಡುವ ವಿಸ್ಕಿ ಅದು. 50 ಶೇಕಡಾ ಕಡಕು. ಎರಡು ಹನಿ ನೀರು ಹಾಕಿಸಿಕೊಂಡರು. "ಕುಳ್ಳಿನ ಬೆಂಕ್ಯಾಗ ಸೀತನಿ ಸುಟ್ಟಂಗ ಅದ. ಮ್ಯಾಲಿಂದ ಬೆಲ್ಲ ಸುರುವ್ಯಾರ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನಾ ಬಾಯಾಗ ಅದ ನೋಡು" ಎಂದರು. ಬೆಲೆ ಕೇಳಿದ ಮೇಲೆ ಮಾತ್ರ ಬಾಟಲಿಯನ್ನು ನನ್ನ ಕಡೆಗೇ ಸರಿಸಿದರು.

ಬೆಲೆಯ ಆ ಪ್ರಶ್ನೆ ಲೌಂಜಿನವರಿಗೂ ಇದ್ದೀತು. ಸಿಂಗಲ್ ಮಾಲ್ಟನ್ನು ಕಾರ್ಡಿನ ಲೆಕ್ಕದಲ್ಲಿ ಸುರಿಯುವುದು ಆಗದ ಮಾತು, ಒಪ್ಪುತ್ತೇನೆ. ಆದರೆ ಎರಡು ಕಳಪೆ ಪೆಗ್ಗಿನ ಬದಲು ಒಂದು ಒಳ್ಳೆಯದನ್ನು ಕೊಡಬಹುದು. ಒಂದು ಹೂಜಿ ನೀರು ಇಡಬಹುದು, ಅದಕ್ಕೇನೂ ಖರ್ಚಿಲ್ಲ. ಬಾಟಲಿಯಲ್ಲಿರುವುದು ಧಾನ್ಯವೋ ಕಾಕಂಬಿಯೋ ಎಂದು ಕೌಂಟರಿನ ಮೇಲೆ ಒಂದು ಚೀಟಿ ಅಂಟಿಸಬಹುದು. ಮೊನ್ನೆ ಒಂದು ಲೌಂಜಿನಿಂದ ಹೊರಬರುವಾಗ ಅಭಿಪ್ರಾಯ ಕೇಳುವ ಟ್ಯಾಬ್ ಹಿಡಿದು ನಿಂತಿದ್ದರು. ಊಟ ಹೇಗಿತ್ತು, ಶೌಚಾಲಯ ಸ್ವಚ್ಛವಾಗಿತ್ತೇ, ಸಿಬ್ಬಂದಿ ನಕ್ಕರೇ ಎಂಬ ಪ್ರಶ್ನೆಗಳಿದ್ದವು. ಪಾನೀಯದ ಕಲಮೇ ಇರಲಿಲ್ಲ. ಕೊನೆಯಲ್ಲಿದ್ದ ಖಾಲಿ ಜಾಗದಲ್ಲಿ, ಘಾಟು ಮುಂದ ಬರ್ತದ, ಹಿಂದ ಏನೂ ಇಲ್ಲ ಎಂದು ಕನ್ನಡದಲ್ಲೇ ಬರೆದು ಬಂದೆ.