ಸಭೆ ಮತ್ತು ನಡವಳಿ: ಮಾಹಿತಿ ಹಕ್ಕಿನ ಒಂದು ವಾಕ್ಯಕ್ಕೆ ವ್ಯಾಖ್ಯಾನ

ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಬಿ) ಕಲಮಿನ ಎಂಟನೆಯ ಬಾಬು ಇಲ್ಲಿ ವ್ಯಾಖ್ಯೇಯ. ಸಾರ್ವಜನಿಕ ಪ್ರಾಧಿಕಾರವು ತನ್ನ ಅಂಗವಾಗಿ ಇಲ್ಲವೆ ಸಲಹೆಗಾಗಿ ರಚಿಸಿಕೊಂಡ, ಇಬ್ಬರು ಅಥವಾ ಹೆಚ್ಚು ಜನರುಳ್ಳ ಮಂಡಳಿ, ಸಮಿತಿಗಳ ವಿವರವನ್ನೂ, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ ಅಥವಾ ನಡವಳಿಗಳು ದೊರೆಯುತ್ತವೆಯೇ ಎಂಬುದನ್ನೂ ಪ್ರಕಟಿಸತಕ್ಕದ್ದು ಎಂದು ಅದರ ಸಾರ. ಸಭೆಗಳು ತೆರೆದಿರಬೇಕೆಂಬ ಪ್ರತ್ಯೇಕ ಕಾಯಿದೆಗಳು ಅಮೆರಿಕದ ರಾಜ್ಯಗಳಲ್ಲಿ ಉಂಟು. ಸರ್ಕಾರಿ ಸಮಿತಿಗಳಿಗೆಲ್ಲ ಅನ್ವಯಿಸುವಂಥದು ನಮ್ಮಲ್ಲಿಲ್ಲ. ಈ ಬಾಬು ಜನರನ್ನು ತಟ್ಟುವ ಬಗೆಗೆ ಒಂದು ಆಸ್ಪತ್ರೆಯೇ ಸಾಕ್ಷಿ. ಬೆಳಗಾವಿ ಬಳಿಯ ಮಚ್ಛೆಯ ಗರ್ಭಿಣಿಯ ಹೆರಿಗೆ ತೊಡಕಾದರೆ ಆಸರೆಯಾಗುವುದು ಬೆಳಗಾವಿಯ ಜಿಲ್ಲಾಸ್ಪತ್ರೆ, ಅರ್ಥಾತ್ ಬಿಮ್ಸ್. ಆದ್ದರಿಂದ ಅಂತಹ ಆಸ್ಪತ್ರೆಯ ತಾಯಿ ಮರಣ ಪರಿಶೀಲನಾ ಸಮಿತಿಯನ್ನು ನಿದರ್ಶನವಾಗಿ ಹಿಡಿದು ಪದಗಳನ್ನು ಬಿಡಿಸುವುದು ಯುಕ್ತ.

‘ಸಾರ್ವಜನಿಕ ಪ್ರಾಧಿಕಾರ’ವೆಂದರೆ ಸಂವಿಧಾನ, ಕಾನೂನು ಅಥವಾ ಸರ್ಕಾರಿ ಅಧಿಸೂಚನೆಯಿಂದ ಹುಟ್ಟಿದ ಇಲ್ಲವೆ ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಸಂಸ್ಥೆ. ಸರ್ಕಾರಿ ಆಸ್ಪತ್ರೆ ಇದರೊಳಗೆ ಬರುತ್ತದೆ.

‘ಇಬ್ಬರು ಅಥವಾ ಹೆಚ್ಚು ಜನ’ ಎಂದದ್ದು ಚಿಕ್ಕ ಸಮಿತಿಯೂ ತಪ್ಪಿಸಿಕೊಳ್ಳಬಾರದೆಂದು. ಇನ್ನು ನಿದರ್ಶನದ ಸಮಿತಿಯ ಕೆಲಸ. ಗರ್ಭಾವಸ್ಥೆಯಲ್ಲಾಗಲಿ, ಅದು ಮುಗಿದ 42 ದಿನಗಳೊಳಗಾಗಲಿ, ಅದರ ಸಂಬಂಧದ ಕಾರಣದಿಂದ ಸಂಭವಿಸಿದ ಸಾವು ‘ತಾಯಿ ಮರಣ’. ಕೇಂದ್ರದ 2017ರ ಮಾರ್ಗಸೂಚಿಯಂತೆ ಅದನ್ನು ಆಸ್ಪತ್ರೆಯ ಸಮಿತಿಯೂ ಜಿಲ್ಲಾ ಸಮಿತಿಯೂ ಪರಿಶೀಲಿಸುತ್ತವೆ. ಜಿಲ್ಲಾಧಿಕಾರಿಯ ಪರಿಶೀಲನೆಗೆ ಮೃತಳ ಹತ್ತಿರದ ಬಂಧುಗಳನ್ನೂ ಕರೆಯಲಾಗುತ್ತದೆ.

‘ತೆರೆದಿವೆಯೇ’ ಎಂಬಲ್ಲಿ ತುಸು ನಿಲ್ಲಬೇಕು. ತೆರೆಯಿರಿ ಎಂಬ ವಿಧಿ ಇಲ್ಲಿಲ್ಲ. ತೆರೆದಿಲ್ಲವಾದರೆ ಹಾಗೆಂದು ಹೇಳಿರಿ ಎಂಬ ವಿಧಿಯುಂಟು. ಈ ಸಮಿತಿಯ ಬಾಗಿಲು ಮುಚ್ಚಿರುವುದಕ್ಕೆ ಸಕಾರಣವಿದೆ. ಲೋಪವನ್ನು ಹುಡುಕಬೇಕು, ವ್ಯಕ್ತಿಯನ್ನು ದೂಷಿಸಬಾರದು ಎಂಬುದು ಪರಿಶೀಲನೆಯ ಮೂಲತತ್ತ್ವ. ರಕ್ತ ಬರಲು ತಡವಾಯಿತೇ, ಅರಿವಳಿಕೆ ವೈದ್ಯರು ಆ ರಾತ್ರಿ ಇದ್ದರೇ, ರಕ್ತದೊತ್ತಡ ಏರಿದ್ದನ್ನು ಯಾರು ಮೊದಲು ಕಂಡರು ಎಂಬುದನ್ನು ದಾದಿ ಅಂಜದೆ ಹೇಳಿದರೆ ಮಾತ್ರ ಮುಂದಿನ ಬಾಣಂತಿ ಉಳಿಯುತ್ತಾಳೆ. ಆದರೆ ಸಮಿತಿಯುಂಟೆಂಬುದನ್ನೇ ಮರೆಮಾಡಲು ಈ ಕಾರಣ ಸಾಲದು.

‘ಅಥವಾ ನಡವಳಿಗಳು’ ಎಂಬುದು ವಿಕಲ್ಪ. ನಡವಳಿ ಕೇಳಿದವರಿಗೆ ಅಡ್ಡ ಬರುವುದು 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿಯ ವಿನಾಯಿತಿ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದಿರಬೇಕು ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವಂತಿರಬೇಕು ಎಂಬ ಷರತ್ತು ಅದಕ್ಕೆ ಮೊದಲು ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ತಂದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಯಾಗಿ ಆ ಷರತ್ತು ಹೋಯಿತು. ಇದು ಜನರಿಗಾದ ನಷ್ಟವೇ ಸರಿ. ಉಳಿದಿರುವುದು ಎರಡು ಆಸರೆ: ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ಕೊಡಬಹುದೆನ್ನುವ 8(2), ಕೊಡಬಾರದ್ದನ್ನು ಬೇರ್ಪಡಿಸಿ ಮಿಕ್ಕದ್ದನ್ನು ಕೊಡಲು ದಾರಿಮಾಡುವ 10ನೆಯ ಕಲಮು. ಹೆಸರುಗಳಿಗೆ ಮಸಿ ಬಳಿದರೂ ಸಾವಿನ ಕಾರಣ, ಶಿಫಾರಸು, ಕೈಗೊಂಡ ಕ್ರಮ ಓದಲು ಸಿಗುತ್ತವೆ.

ಅಷ್ಟರಿಂದ ಏನು ಪ್ರಯೋಜನವೆಂದು ಆಶಂಕೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ಡ್ರಿಪ್ ಮೂಲಕ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು. ರಾಜ್ಯದ ತಾಯಿ ಮರಣಗಳ ಆಡಿಟ್‌ಗೆ ಸರ್ಕಾರ ಮುಂದಾಯಿತು. ಒಂದೇ ದ್ರಾವಣ ಹಲವು ಆಸ್ಪತ್ರೆಗಳಿಗೆ ಹೋಗುವಲ್ಲಿ, ಒಂದು ಕೋಣೆಯೊಳಗೇ ಉಳಿದ ಪರಿಶೀಲನೆ ಬೇರೊಂದು ಊರಿನ ಹೆಣ್ಣನ್ನು ಕಾಯಲಾರದು.

ಇನ್ನೊಂದು ಭೇದ ಮನೆಯವರಿಗೆ ತಿಳಿದಿರಬೇಕು. ಸಮಿತಿಯ ಚರ್ಚೆ ಬೇರೆ, ರೋಗಿಯ ಕೇಸ್‌ಶೀಟ್ ಬೇರೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯಂತೆ ರೋಗಿ ಅಥವಾ ಅಧಿಕೃತ ಸಹವರ್ತಿ ಕೇಳಿದರೆ ವೈದ್ಯಕೀಯ ದಾಖಲೆಯನ್ನು 72 ಗಂಟೆಗಳೊಳಗೆ ಕೊಡತಕ್ಕದ್ದು. ಚರ್ಚೆಯ ಗೌಪ್ಯವನ್ನು ಇದಕ್ಕೆ ಹೊದಿಸಲಾಗದು.

ಕೊನೆಗೆ ‘ಪ್ರಕಟಿಸತಕ್ಕದ್ದು’. ಅರ್ಜಿಗೆ ಕಾಯದೆ ತಾನಾಗಿ ಪ್ರಕಟಿಸಿ, ವರ್ಷವರ್ಷವೂ ಪರಿಷ್ಕರಿಸತಕ್ಕದ್ದೆಂದು ಅರ್ಥ. ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದು 4(4) ಹೇಳುತ್ತದೆ. ಮಚ್ಛೆ, ಖಾನಾಪುರಗಳ ಮನೆಮಾತು ಕನ್ನಡವೂ ಹೌದು, ಮರಾಠಿಯೂ ಹೌದು. ಸಮಿತಿಯ ವಿವರ ಆಸ್ಪತ್ರೆಯ ಫಲಕದ ಮೇಲೆ ಎರಡರಲ್ಲೂ ಬಂದರೆ ಈ ಬಾಬು ಪಾಲನೆಯಾದಂತೆ.