ತಿಥಿ ನೋಡದೆ ಹೊರಟ ಸವಾರಿ

ಅಂಬರನಾಥದ ಶಿವಮಂದಿರಕ್ಕೆ ತಿರುಗುವ ರಸ್ತೆಯಲ್ಲಿ ಭಾನುವಾರ ಬೆಳಗಿನ ಐದಕ್ಕೆ ಐದಾರು ಬೈಕುಗಳು ಸೇರುತ್ತವೆ. ಲೋಕಲ್ ರೈಲಿನಲ್ಲೋ ಎಂಐಡಿಸಿ ಕಾರ್ಖಾನೆಗಳ ಶಿಫ್ಟಿನಲ್ಲೋ ಆರು ದಿನ ಹಣ್ಣಾದವರು. ತಲೋಜ, ಪನ್ವೇಲ್, ಪೇಣ್, ಅಲಿಬಾಗ್, ರೇವದಂಡಾ, ಕಾಶಿದ್, ಮುರುಡ್, ರಾತ್ರಿಯೊಳಗೆ ವಾಪಸ್. ಹೋಗಿ ಬರಲು ಸುಮಾರು 300 ಕಿಲೋಮೀಟರ್. ಇದಕ್ಕೆ ನಮ್ಮಲ್ಲಿ ‘ಕೋಸ್ಟಲ್ ರೈಡ್’ ಎಂದು ಹೆಸರು. ನಾಲ್ಕೈದು ಸಲ ಸಾಲಿನ ಕೊನೆಯಲ್ಲಿ ಹೋಗಿಬಂದ ನನಗೆ ಈಗೊಂದು ಲೆಕ್ಕ ಕೇಳಬೇಕೆನಿಸಿದೆ: ಹೆಸರಿನಲ್ಲಿರುವ ಕಡಲು ಸವಾರಿಯಲ್ಲಿ ಎಷ್ಟಿದೆ?

ಬಹಳ ಕಡಿಮೆ. ಪನ್ವೇಲಿನಿಂದ ವಡಖಳದವರೆಗೆ ನಾವು ಓಡಿಸುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಕಾರವಾರ, ಉಡುಪಿ, ಮಂಗಳೂರು ದಾಟಿ ಕನ್ಯಾಕುಮಾರಿಗೆ ಹೋಗುವ ಈ ದಾರಿಯನ್ನು ನಮ್ಮ ಹಿರಿಯರು ಇಂದಿಗೂ ‘ಹದಿನೇಳು’ ಎಂದೇ ಕರೆಯುತ್ತಾರೆ. ಇಲ್ಲಿ ಕಾಣುವುದು ಟ್ರಕ್ಕು, ಧೂಳು, ಬಲಕ್ಕೆ ಉಪ್ಪಿನ ಗದ್ದೆ. ಅಲಿಬಾಗ್ ಊರಲ್ಲಿ ದಂಡೆಗೆ ಹೋದರೆ ಕಡಲು ಸಿಕ್ಕೀತು. ಅಲ್ಲಿಂದ ಮುಂದೆ ನಾಗಾಂವ್, ಚೌಲ್‌ಗಳ ರಸ್ತೆ ಅಡಿಕೆ, ತೆಂಗಿನ ವಾಡಿಗಳ ಒಳಗೇ ಸಾಗುತ್ತದೆ. ಕುಂಡಲಿಕಾ ಅಳಿವೆಯ ಸೇತುವೆ ದಾಟಿದ ಮೇಲಷ್ಟೇ ರಸ್ತೆಗೂ ನೀರಿಗೂ ನೆಂಟಸ್ತಿಕೆ. ಅದೂ ಮುರುಡ್‌ವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ, ಆಗೊಮ್ಮೆ ಈಗೊಮ್ಮೆ.

ಆದರೂ ಈ ಅಭ್ಯಾಸವನ್ನು ತಳ್ಳಿಹಾಕಲಾರೆ. ಐದಾರು ಜನರ ಗುಂಪಿಗೆ ಅದರದೇ ಶಿಸ್ತಿದೆ. ದಾರಿ ಬಲ್ಲವನು ಮುಂದೆ, ಕೈ ಪಳಗಿದವನು ಎಲ್ಲರಿಗಿಂತ ಹಿಂದೆ, ಹೊಸಬ ನಡುವೆ. ಒಬ್ಬನ ಚೈನು ಸಡಿಲವಾದರೆ ಐವರೂ ನಿಲ್ಲುತ್ತಾರೆ. ಎಷ್ಟು ಜೋರಾಗಿ ಹೋಗಬೇಕೆಂಬುದನ್ನು ಹೊಸಬನೇ ತೀರ್ಮಾನಿಸಬೇಕು. ತೀರ್ಮಾನಿಸುವ ಗುಂಪುಗಳೂ ಇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ. 44.5ರಷ್ಟು ದ್ವಿಚಕ್ರ ಸವಾರರು. ಇದನ್ನು ನೆನೆದರೆ ಹಿಂದೆ ಬರುವವನಿಗಾಗಿ ನಿಧಾನಿಸುವ ಅಭ್ಯಾಸ ಸಣ್ಣ ಗುಣವಲ್ಲ.

ಕೆಡುವುದು ಮಧ್ಯಾಹ್ನಕ್ಕೆ. ಮುರುಡ್ ಮುಟ್ಟಲೇಬೇಕು, ಜಂಜಿರಾ ಕೋಟೆಯನ್ನು ಹಿಂದಿಟ್ಟುಕೊಂಡು ಫೋಟೊ ತೆಗೆಯಲೇಬೇಕು ಎಂಬ ಹಟ ಬೆಳಗಿನ ಶಿಸ್ತನ್ನು ನುಂಗುತ್ತದೆ. ಕಾಶಿದ್‌ನಲ್ಲಿ ಬೆವೆತ ಮೈಯಲ್ಲೇ ನೀರಿಗಿಳಿಯುತ್ತಾರೆ. ಅಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಎಷ್ಟೋ ಸಲ ಬಂದಿದೆ. ವಾಪಸಾಗುವಾಗ ಕತ್ತಲೆ, ವಡಖಳದ ಟ್ರಾಫಿಕ್ಕು, ತೂಕಡಿಕೆ. ಕಿಲೋಮೀಟರಿನ ಲೆಕ್ಕ ಹಾಕಿದವರು ಗಂಟೆಯ ಲೆಕ್ಕ ಮರೆತಿರುತ್ತಾರೆ.

ಕಡಲಂಚಿನಲ್ಲಿ ಗಂಟೆಯ ಲೆಕ್ಕ ಇಡುವುದು ಕಡಲೇ. ಅಲಿಬಾಗಿನ ಕುಲಾಬಾ ಕೋಟೆಗೆ ಇಳಿತದ ಹೊತ್ತಿನಲ್ಲಿ ನಡೆದೇ ಹೋಗಬಹುದು; ಉಬ್ಬರದಲ್ಲಿ ಸುತ್ತಲೂ ನೀರು. ಕೊಂಕಣದ ಮೀನುಗಾರರ ಲೆಕ್ಕ ಸರಳ: ತಿಥಿಯ ಸಂಖ್ಯೆಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಉಬ್ಬರದ ಗಂಟೆ ಸುಮಾರಾಗಿ ಸಿಗುತ್ತದೆ, ಅದರಿಂದ ಆರು ತಾಸಿಗೆ ಇಳಿತ. ನಾವು ಕಳೆದ ಸಲ ಹೋದದ್ದು ಏಕಾದಶಿಯಂದು. ಹನ್ನೊಂದರ ಮುಕ್ಕಾಲು ಎಂಟೂಕಾಲು. ಎಂಟೂವರೆಗೆ ದಂಡೆಯಲ್ಲಿ ನಿಂತರೆ ಕೋಟೆಯ ಸುತ್ತ ನೀರೋ ನೀರು. ದೂರದಿಂದ ಕೈಮುಗಿದು ಮಿಸಳ್ ತಿಂದು ಹೊರಟೆವು. ನೀರು ಸರಿಯುವ ಎರಡೂಕಾಲಕ್ಕೆ ನಾವು ಮುರುಡ್‌ನಲ್ಲಿ ಬಿಸಿಲು ಕಾಯುತ್ತಿದ್ದೆವು. ತಮಾಷೆಯೆಂದರೆ ಅಂದು ಏಕಾದಶಿ ಎಂದು ಮನೆಯಲ್ಲಿ ಅಮ್ಮನಿಗೆ ಗೊತ್ತಿತ್ತು. ರಾತ್ರಿಯೇ ಸಾಬುದಾಣಿ ನೆನೆಹಾಕಿದ್ದರು. ಅಡುಗೆಮನೆಯ ತಿಥಿ ಬೈಕಿನವರೆಗೆ ಬರಲಿಲ್ಲ.

ಈ ದಾರಿಯಲ್ಲಿ ಅವಸರ ಮಾಡದವನೊಬ್ಬ ಇದ್ದ. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ 1469ರ ಸುಮಾರಿಗೆ ಮಾರಲೆಂದು ಒಂದು ಕುದುರೆ ಹಿಡಿದುಕೊಂಡು ಚೌಲಿನಲ್ಲಿ ಹಡಗಿನಿಂದ ಇಳಿದ. ಮಳೆಗಾಲವನ್ನು ಜುನ್ನರಿನಲ್ಲಿ ಕಳೆದು, ಆಮೇಲೆ ಬಹಮನಿಗಳ ಬೀದರ್ ಸೇರಿದ. ಅವನ ನೆನಪಿನ ಕಂಬ ರೇವದಂಡಾದ ಶಾಲೆಯೊಂದರ ಆವರಣದಲ್ಲಿದೆ. ಬೀದರಿಗೆ ನಂಟಿರುವ ಈ ಕಂಬದ ಎದುರು ನಮ್ಮ ಕನ್ನಡದ ಗುಂಪು ಒಮ್ಮೆಯೂ ಸ್ಟ್ಯಾಂಡ್ ಹಾಕಲಿಲ್ಲ. ಸೇತುವೆಯಾಚೆ ಕೊರ್ಲಾಯಿ ಇದೆ. ಪೋರ್ಚುಗೀಸರು ಹೋದಮೇಲೂ ಅವರ ಮಾತು ಮರಾಠಿಯೊಂದಿಗೆ ಬೆರೆತು ಉಳಿದ ಊರು. ಆಡುವವರು ಸಾವಿರದ ಆಸುಪಾಸು. ಹೊರನಾಡಿನಲ್ಲಿ ಮನೆಮಾತು ಉಳಿಸಿಕೊಳ್ಳಲು ಹೆಣಗುವ ನಮಗಲ್ಲದೆ ಇನ್ನಾರಿಗೆ ಈ ಊರು ಮುಖ್ಯವಾಗಬೇಕು? ನಾವು ಅದನ್ನು ದಾಟುವುದು ಐದು ನಿಮಿಷದಲ್ಲಿ, ನಾಲ್ಕನೇ ಗೇರಿನಲ್ಲಿ.

ಆದ್ದರಿಂದ ನನ್ನ ತೀರ್ಪು: ಒಂದು ದಿನದ ಈ ಸವಾರಿ ಒಳ್ಳೆಯ ಅಭ್ಯಾಸ, ಆದರೆ ಅದರ ಕೊನೆಯ ತುದಿ ತಪ್ಪು. ಕೊರ್ಲಾಯಿಯಲ್ಲಿ ತಿರುಗಿಸಿ. ಕಾಶಿದ್‌ನ ಬೆಳ್ಳನೆಯ ಮರಳು ತಪ್ಪುತ್ತದೆ, ರಸ್ತೆಯ ಮಗ್ಗುಲಲ್ಲೇ ಅಲೆಯೇಳುವ ಆ ತಿರುವುಗಳೂ ತಪ್ಪುತ್ತವೆ, ನಷ್ಟವೇ. ಬದಲಿಗೆ ಐವತ್ತು ಕಿಲೋಮೀಟರ್‌ಗಳಷ್ಟು ಓಟ ಉಳಿದು, ಕೊರ್ಲಾಯಿ ಕೋಟೆಯ ಗುಡ್ಡ ಹತ್ತಿ ಅಳಿವೆಯನ್ನೂ ಕಡಲನ್ನೂ ಒಟ್ಟಿಗೆ ನೋಡುವಷ್ಟು ಹೊತ್ತು ಸಿಗುತ್ತದೆ, ಬೆಳಕಿರುವಾಗಲೇ ವಡಖಳ ದಾಟಬಹುದು. ಮುರುಡ್, ಜಂಜಿರಾಗಳಿಗೆ ಒಂದು ರಾತ್ರಿ ಉಳಿಯುವಂತೆ ಬೇರೆಯೇ ಹೋಗಿ.

ಹೊರಡುವ ಭಾನುವಾರವನ್ನೂ ಆರಿಸಿಕೊಳ್ಳಿ. ಚೌತಿ ಬಿದ್ದರೆ ಉಬ್ಬರ ಮೂರಕ್ಕೆ, ಇಳಿತ ಬೆಳಿಗ್ಗೆ ಒಂಬತ್ತಕ್ಕೆ; ಅಲಿಬಾಗ್ ಮುಟ್ಟುವ ಹೊತ್ತಿಗೆ ಕೋಟೆಯ ದಾರಿ ತೆರೆದಿರುತ್ತದೆ. ಸಂಕಷ್ಟಿಯಾದರೆ ಗುಂಪಿನಲ್ಲೊಬ್ಬನಿಗೆ ಮಿಸಳ್ ತಪ್ಪೀತು, ಅಷ್ಟೇ. ಟೈರಿನ ಗಾಳಿ ನೋಡುವ ಮೊದಲು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿ. ತಿಥಿ ಕಾಣದಿದ್ದರೆ ಅಮ್ಮನನ್ನು ಕೇಳಿ.