ಜಾರ್ಜಿಯಾ ಓಕೀಫ್ ಮತ್ತು ಅವರ ಬೆಟ್ಟ

ಅಮೆರಿಕದ ಚಿತ್ರ ಕಲಾವಿದೆ ಜಾರ್ಜಿಯಾ ಓಕೀಫ್ (1887–1986) ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕ್ಯಾನ್‌ವಾಸಿನ ತುಂಬ ಅರಳಿದ ಹೂಗಳು. ನಮ್ಮೂರುಗಳ ಬೇಲಿ ಬದಿಯ ದತ್ತೂರಿಯ ಜಾತಿಗೇ ಸೇರಿದ ಬಿಳಿ ಹೂವೊಂದರ ಚಿತ್ರ 2014ರಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹರಾಜಾಯಿತು. ಆದರೆ ಅವರ ದೊಡ್ಡ ಸಾಧನೆ ಹೂಗಳಲ್ಲಲ್ಲ, ನ್ಯೂ ಮೆಕ್ಸಿಕೋದ ಬೆಟ್ಟ-ಮರುಭೂಮಿಗಳ ಚಿತ್ರಗಳಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ವಿಸ್ಕಾನ್ಸಿನ್‌ನ ರೈತ ಮನೆತನದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಓಕೀಫ್ 1929ರ ಬೇಸಿಗೆಯಲ್ಲಿ ಟಾವೋಸ್‌ಗೆ ಬಂದಾಗ ಅವರಿಗೆ 41 ವರ್ಷ. 1940ರಲ್ಲಿ ಘೋಸ್ಟ್ ರಾಂಚ್‌ನಲ್ಲಿ ಮನೆ ಕೊಂಡರು. ಪತಿ, ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1946ರಲ್ಲಿ ತೀರಿಕೊಂಡ ಮೇಲೆ, 1949ರಲ್ಲಿ ನ್ಯೂ ಮೆಕ್ಸಿಕೋದಲ್ಲೇ ನೆಲೆಸಿದರು. ಫೋರ್ಡ್ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿ, ಹಿಂದಿನ ಸೀಟಿಗೆ ಕ್ಯಾನ್‌ವಾಸ್ ಒರಗಿಸಿಕೊಂಡು, ಸುಡುಬಿಸಿಲಿನಲ್ಲಿ ಕಾರಿನೊಳಗೇ ಕುಳಿತು ಚಿತ್ರ ಬರೆಯುತ್ತಿದ್ದರು.

ಮನೆಯೆದುರು ದೂರದಲ್ಲಿ ಕಾಣುವ ಪೆಡರ್ನಲ್ ಎಂಬ ಚಪ್ಪಟೆ ತಲೆಯ ಬೆಟ್ಟವನ್ನು ಅವರು ಬರೆದದ್ದಕ್ಕೆ ಲೆಕ್ಕವಿಲ್ಲ. 1936ರ ಚಿತ್ರವೊಂದರಲ್ಲಿ ಮುಂದೆ ಕೆಮ್ಮಣ್ಣಿನ ಗುಡ್ಡಗಳು, ಹಿಂದೆ ನೀಲಿ ಪೆಡರ್ನಲ್. ಎಲ್ಲೂ ಒಂದು ಗೆರೆ ಹೆಚ್ಚಿಲ್ಲ. ಸಾಕಷ್ಟು ಸಲ ಬರೆದರೆ ಈ ಬೆಟ್ಟ ನಿನಗೇ ಎಂದು ದೇವರು ಹೇಳಿದ್ದಾನೆ ಎನ್ನುತ್ತಿದ್ದರಂತೆ. ಇದಕ್ಕೂ ಮಿಗಿಲಾದವು, ನವಾಹೋ ಸೀಮೆಯ ಬೋಳು ಗುಡ್ಡಗಳಲ್ಲಿ ಗಾಳಿ-ಚಳಿಯನ್ನು ಸಹಿಸಿ, ಡೇರೆ ಹಾಕಿ ಕಂಡು ಬರೆದ 'ಬ್ಲ್ಯಾಕ್ ಪ್ಲೇಸ್' ಚಿತ್ರಗಳು. 1944ರ ಕ್ಯಾನ್‌ವಾಸುಗಳಲ್ಲಿ ಬೂದು ಗುಡ್ಡಗಳು ನಡುವೆ ಸೀಳಿಕೊಂಡಂತಿವೆ. ಇಲ್ಲಿ ಚೆಲುವಿನ ಜೊತೆಗೆ ಭಯವೂ ಇದೆ. ಪೋಸ್ಟರುಗಳಲ್ಲಿ ಮೆರೆಯುವ ತಲೆಬುರುಡೆಯ ಚಿತ್ರಗಳಲ್ಲಿ ಈ ಗಾಂಭೀರ್ಯ ನಮಗೆ ಕಾಣದು. ಅಲ್ಲಿ ಜಾಣತನವೇ ಮುಂದಾಗಿದೆ.

ಆದರೂ ಒಂದು ಕೊರತೆ ನಮ್ಮನ್ನು ಕಾಡುತ್ತದೆ. ಈ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ಪೆಡರ್ನಲ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಚಕಮಕಿ ಕಲ್ಲು. ಸಾವಿರಾರು ವರ್ಷಗಳಿಂದ ಜನ ಅಲ್ಲಿಯ ಕಲ್ಲಿನಿಂದ ಆಯುಧ ಮಾಡಿಕೊಂಡಿದ್ದರು. ಅದು ಬರಿದಾದ ನಾಡಾಗಿರಲಿಲ್ಲ. ಕಲಾವಿದೆ ತನಗೆ ಬೇಕಾದ ಮೌನಕ್ಕಾಗಿ ಅವರನ್ನೆಲ್ಲ ಬಿಟ್ಟರು. ಆ ಮೌನದಿಂದಲೇ ಚಿತ್ರಗಳಿಗೆ ಶಕ್ತಿ ಬಂದಿದೆ ಎಂಬುದನ್ನೂ ಒಪ್ಪಬೇಕು.

ಬೇರೆ ನೆಲಕ್ಕೆ ಬಂದು ಬೇರೂರುತ್ತಿರುವ ನಮಗೆ ಈ ಎರಡೂ ಪಾಠಗಳು ಬೇಕು. ಮನೆ ಕೊಂಡ ಮಾತ್ರಕ್ಕೆ ನೆಲ ನಮ್ಮದಾಗುವುದಿಲ್ಲ. ಓಕೀಫರಂತೆ ಅದನ್ನು ಮತ್ತೆ ಮತ್ತೆ ಕಣ್ಣಿಟ್ಟು ನೋಡಬೇಕು. ಹಾಗೆ ನೋಡುವಾಗ ನಮಗಿಂತ ಮೊದಲು ಅಲ್ಲಿದ್ದವರನ್ನು ಮರೆಯಬಾರದು. 1986ರಲ್ಲಿ ಓಕೀಫರ ಚಿತಾಭಸ್ಮವನ್ನು ಪೆಡರ್ನಲ್ ಮೇಲೆಯೇ ಚೆಲ್ಲಲಾಯಿತು. ಬೆಟ್ಟ ಅವರದಾಯಿತೋ, ಅವರೇ ಬೆಟ್ಟದವರಾದರೋ, ಓದುಗರೇ ಹೇಳಬೇಕು.

ರಜೆಯಲ್ಲಿ ನ್ಯೂ ಮೆಕ್ಸಿಕೋ ಕಡೆ ಹೋಗುವವರು ಸಾಂಟಾ ಫೆಯಲ್ಲಿ 1997ರಲ್ಲಿ ತೆರೆದ ಓಕೀಫ್ ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿ. ಬಳಿಕ ಆ ಗುಡ್ಡಗಳನ್ನೂ ತೋರಿಸಲು ಮರೆಯದಿರಿ.